ನಿಮಗಿದು ಗೊತ್ತೇ? ಗಾಳಿಪಟವೂ ಊರಿನ ನಕ್ಷೆ ಬರೆಯುತ್ತದೆ!

ಆಷಾಢ ಬಂತೆಂದರೆ ಹೊಸದುರ್ಗದ ಸುತ್ತ ಪಡುವಣ ಗಾಳಿ ನಿಲ್ಲದೆ ಬೀಸುತ್ತದೆ. ಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ಅದನ್ನು ಕರೆಂಟಾಗಿಸುತ್ತವೆ, ಹುಡುಗರು ಅದೇ ಗಾಳಿಗೆ ಪಟ ಬಿಡುತ್ತಾರೆ. ಆ ಪಟದ ದಾರಕ್ಕೆ ಒಂದು ಹಳೆಯ ಮೊಬೈಲ್ ಕಟ್ಟಿದರೆ ಹೊಲ, ಕೆರೆ, ಬಂಡಿದಾರಿಗಳ ನಕ್ಷೆ ತೆಗೆಯಬಹುದು. ಇದು ಮಕ್ಕಳಾಟವಲ್ಲ. ನೂರಮೂವತ್ತು ವರ್ಷಕ್ಕೂ ಹಳೆಯದಾದ, ಇವತ್ತಿಗೂ ಕೆಲಸಕ್ಕೆ ಬರುವ ವಿದ್ಯೆ.

ಉಪಗ್ರಹಕ್ಕಿಂತ ಗಾಳಿಪಟಕ್ಕೆ ಹೆಚ್ಚು ವಿವರ ಕಾಣುತ್ತದೆ. 2019ರ ನವೆಂಬರ್‌ನಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-3 ಜಗತ್ತಿನ ಉತ್ತಮ ನಾಗರಿಕ ಉಪಗ್ರಹಗಳಲ್ಲೊಂದು. ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲಿನ ಸುಮಾರು 25 ಸೆಂಟಿಮೀಟರಿಗೆ ಸಮ. ನೆಲದಿಂದ 60 ಮೀಟರ್ ಮೇಲೆ ತೂಗುವ ಸಾಧಾರಣ ಮೊಬೈಲ್ ಕ್ಯಾಮೆರಾದಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 2 ಸೆಂಟಿಮೀಟರ್. ಉಪಗ್ರಹಕ್ಕೆ ತೆಂಗಿನ ಮರ ಕಂಡರೆ, ಪಟಕ್ಕೆ ಅದರ ಒಂದೊಂದು ಗರಿಯೂ ಕಾಣುತ್ತದೆ. ಉಪಗ್ರಹ ನೋಡುವುದು ಇಡೀ ನಾಡನ್ನು. ಪಟದ ಒಂದು ಫೋಟೋದಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದು ಎಕರೆ, ಅಷ್ಟೇ. ಹೊಲದ ಬದು ಎಲ್ಲಿದೆ ಎಂದು ನೋಡಬೇಕಾದವರಿಗೆ ಬೇಕಿರುವುದೂ ಆ ಒಂದು ಎಕರೆಯೇ.

ಈ ವಿದ್ಯೆಯ ಮೊದಲ ಗುರು ಯಾರು? ಆಕಾಶದಿಂದ ಮೊದಲ ಫೋಟೋ ತೆಗೆದವನು ಪ್ಯಾರಿಸ್ಸಿನ ನಾದಾರ್. 1858ರಲ್ಲಿ, ಬಲೂನಿನಲ್ಲಿ ಕೂತು. ಬಲೂನು ಸಿರಿವಂತರ ಸರಕಾಗಿತ್ತು. ಗಾಳಿಪಟಕ್ಕೆ ಕ್ಯಾಮೆರಾ ಕಟ್ಟುವ ಯೋಚನೆಯನ್ನು ಇಂಗ್ಲೆಂಡಿನ ಹವಾಮಾನ ತಜ್ಞ ಡಗ್ಲಸ್ ಆರ್ಚಿಬಾಲ್ಡ್ 1880ರ ದಶಕದಲ್ಲಿ ಕೈಗೆತ್ತಿಕೊಂಡ. ಅದನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದವನು ದಕ್ಷಿಣ ಫ್ರಾನ್ಸಿನ ಲಾಬ್ರುಗಿಯೇರ್ ಎಂಬ ಸಣ್ಣ ಊರಿನ ಆರ್ಥರ್ ಬತ್ಯೂ. 1888ರಲ್ಲಿ ಅವನು ತನ್ನ ಊರನ್ನು ಮೇಲಿನಿಂದ ಸೆರೆಹಿಡಿದ. ಆಗ ರಿಮೋಟ್ ಇರಲಿಲ್ಲ, ಟೈಮರ್ ಇರಲಿಲ್ಲ. ನಿಧಾನವಾಗಿ ಉರಿಯುವ ಬತ್ತಿಯೊಂದನ್ನು ಕ್ಯಾಮೆರಾಕ್ಕೆ ಕಟ್ಟಿ ಹಚ್ಚಿ ಬಿಡುತ್ತಿದ್ದ. ಪಟ ಮೇಲೇರಿ ನಿಲ್ಲುವ ಹೊತ್ತಿಗೆ ಬತ್ತಿ ಉರಿದು ದಾರ ಸುಟ್ಟು ಕಣ್ಣು ತೆರೆಯುತ್ತಿತ್ತು. ಫೋಟೋ ತೆಗೆದ ಎತ್ತರ ತಿಳಿಯಲು ವಾಯುಭಾರ ಮಾಪಕವನ್ನೂ ಜೊತೆಗೆ ಕಳಿಸುತ್ತಿದ್ದ. ಎತ್ತರ ಗೊತ್ತಿದ್ದರೆ ಫೋಟೋದಿಂದ ಅಳತೆ ತೆಗೆಯಬಹುದು ಎಂಬುದು ಅವನಿಗೆ ಆಗಲೇ ಹೊಳೆದಿತ್ತು. 1890ರಲ್ಲಿ ಈ ವಿಷಯದ ಮೇಲೆ ಜಗತ್ತಿನ ಮೊದಲ ಪುಸ್ತಕ ಬರೆದವನೂ ಅವನೇ.

ಅಮೆರಿಕದಲ್ಲಿ ಮೊದಲ ಗಾಳಿಪಟ ಫೋಟೋ ತೆಗೆದದ್ದು 1895ರ ಮೇ 30ರಂದು, ವಿಲಿಯಂ ಎಡ್ಡಿ. ಬಾಲಂಗೋಚಿ ಇಲ್ಲದೆಯೂ ಗಟ್ಟಿಯಾಗಿ ನಿಲ್ಲುವ ಅವನ ಪಟಕ್ಕೆ ಇಂದಿಗೂ ಅವನದೇ ಹೆಸರು.

ಇನ್ನು ಜಾರ್ಜ್ ಲಾರೆನ್ಸ್ ಕತೆ. ಷಿಕಾಗೋದ ಈ ಫೋಟೋಗ್ರಾಫರ್ ಮೊದಲು ಬಲೂನಿನಿಂದ ಫೋಟೋ ತೆಗೆಯುತ್ತಿದ್ದ. ಒಮ್ಮೆ 200 ಅಡಿಗಿಂತ ಎತ್ತರದಿಂದ ಬಿದ್ದ. ಕೆಳಗಿದ್ದ ಟೆಲಿಫೋನ್, ಟೆಲಿಗ್ರಾಫ್ ತಂತಿಗಳು ತಡೆದಿದ್ದರಿಂದ ಜೀವ ಉಳಿಯಿತು. ಆಮೇಲೆ ಮನುಷ್ಯ ನೆಲದ ಮೇಲಿರಲಿ, ಕ್ಯಾಮೆರಾ ಮಾತ್ರ ಮೇಲೆ ಹೋಗಲಿ ಎಂದು ಗಾಳಿಪಟ ಹಿಡಿದ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೆ ಕುಸಿದು, ಬೆಂಕಿಗೆ ಬೂದಿಯಾಯಿತು. ಮೇ 28ರಂದು ಲಾರೆನ್ಸ್ 17 ಪಟಗಳನ್ನು ಒಂದೇ ಸಾಲಿಗೆ ಪೋಣಿಸಿ, 22 ಕಿಲೋ ತೂಕದ ಕ್ಯಾಮೆರಾವನ್ನು ಸುಮಾರು 600 ಮೀಟರ್ ಎತ್ತರಕ್ಕೆ ಏರಿಸಿದ. ದಾರದ ಜೊತೆಗೇ ಹೋದ ತಂತಿಯಲ್ಲಿ ವಿದ್ಯುತ್ ಹರಿಸಿ ಕ್ಲಿಕ್ಕಿಸಿದ. ಹಾಳಾದ ಇಡೀ ನಗರ ಒಂದೇ ಚಿತ್ರದಲ್ಲಿ ಜಗತ್ತಿನ ಮುಂದೆ ಬಂತು. ಇಷ್ಟು ದೊಡ್ಡ ಸಾಹಸ ಗಾಳಿಪಟದ ಫೋಟೋಗ್ರಫಿಯಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಎಣಿಕೆ.

ಹೊಸದುರ್ಗಕ್ಕೇ ಏಕೆ ಇಷ್ಟು ಗಾಳಿ? ಉತ್ತರ ಕಲ್ಲಿನಲ್ಲಿದೆ. ಚಿತ್ರದುರ್ಗದ ಶಿಸ್ಟ್ ಶಿಲೆಗಳ ಪಟ್ಟಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಉದ್ದಕ್ಕೆ ಚಾಚಿದೆ. ಅದರ ಗುಡ್ಡದ ಸಾಲುಗಳು ಮುಂಗಾರಿನ ಪಡುವಣ ಗಾಳಿಗೆ ಅಡ್ಡಲಾಗಿ ನಿಂತಿವೆ. ಅಡ್ಡ ಸಿಕ್ಕಿದ ಗಾಳಿ ಗುಡ್ಡ ಏರುವಾಗ ಬಿರುಸಾಗುತ್ತದೆ. ಮಳೆಯನ್ನೆಲ್ಲ ಮಲೆನಾಡಿನಲ್ಲಿ ಸುರಿಸಿ ಬಂದ ಮೋಡ ಇಲ್ಲಿಗೆ ಗಾಳಿ ತರುತ್ತದೆ, ನೀರು ತರುವುದು ಕಡಿಮೆ. ಮಳೆನೆರಳಿನ ಈ ಸೀಮೆಗೆ ಅದು ಕಷ್ಟವೇ. ಪಟ ಹಾರಿಸುವವರಿಗೆ ಮಾತ್ರ ಅನುಕೂಲ.

ಉತ್ತರ ಭಾರತದವರು ಸಂಕ್ರಾಂತಿಗೆ ಪಟ ಹಾರಿಸಿದರೆ ನಮ್ಮ ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಆಷಾಢವೇ ಪಟದ ತಿಂಗಳು. ದೊಡ್ಡಬಳ್ಳಾಪುರದ ಗಾಳಿಪಟದ ಹಬ್ಬ ನಡೆಯುವುದೂ ಆಷಾಢದಲ್ಲೇ. ನಕ್ಷೆಗೆ ಈ ಕಾಲದಲ್ಲಿ ಇನ್ನೊಂದು ಲಾಭವಿದೆ. ಮೋಡ ಮುಚ್ಚಿದ ಬೆಳಕಿನಲ್ಲಿ ನೆರಳು ಬೀಳುವುದಿಲ್ಲ, ಬದು, ಕಾಲುವೆ, ಕಲ್ಲು ಎಲ್ಲ ಒಂದೇ ಹದದಲ್ಲಿ ಕಾಣುತ್ತವೆ.

ಗಾಳಿ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಎರಡು ಚದರ ಮೀಟರ್ ವಿಸ್ತಾರದ ಪಟ ಗಂಟೆಗೆ 18 ಕಿಲೋಮೀಟರ್ ಗಾಳಿಯಲ್ಲಿ ಸುಮಾರು ಎರಡೂವರೆ ಕಿಲೋ ಎಳೆದರೆ, 36 ಕಿಲೋಮೀಟರ್ ಗಾಳಿಯಲ್ಲಿ ಹತ್ತು ಕಿಲೋದಷ್ಟು ಎಳೆಯುತ್ತದೆ. ಆಗ ಬರಿಗೈಯಲ್ಲಿ ಹಿಡಿದರೆ ದಾರ ಅಂಗೈ ಕೊಯ್ಯುತ್ತದೆ. ಚರ್ಮದ ಕೈಗವಸು ಹಾಕಿ, ದಾರವನ್ನು ಗಟ್ಟಿ ಗೂಟಕ್ಕೋ ಮರದ ಬುಡಕ್ಕೋ ಸುತ್ತಿಕೊಳ್ಳುವುದು ಕಡ್ಡಾಯ. ಗಂಟೆಗೆ 12ರಿಂದ 25 ಕಿಲೋಮೀಟರ್ ಗಾಳಿ ಈ ಕೆಲಸಕ್ಕೆ ಹದ. ಕಣದಲ್ಲಿ ರಾಗಿ ತೂರಿದ ಹಿರಿಯರನ್ನು ಕೇಳಿ, ದಿನದ ಯಾವ ಹೊತ್ತಿನಲ್ಲಿ ಗಾಳಿ ಸಮನಾಗಿ ಬರುತ್ತದೆಂದು ಅವರಿಗೆ ಗೊತ್ತು.

ಕ್ಯಾಮೆರಾ ಕಟ್ಟುವುದು ಪಟಕ್ಕಲ್ಲ, ದಾರಕ್ಕೆ! ಹೊಸಬರು ತಪ್ಪುವುದು ಇಲ್ಲೇ. ಪಟ ಓಲಾಡುತ್ತದೆ, ಅದಕ್ಕೇ ಕಟ್ಟಿದರೆ ಚಿತ್ರವೆಲ್ಲ ಮಸುಕು. ಮೊದಲು ಪಟವನ್ನು ಬರಿದೇ ಏರಿಸಿ, ಸಮನಾದ ಗಾಳಿ ಸಿಕ್ಕಿ ಅದು ನೆಲೆನಿಂತ ಮೇಲೆ, ಪಟದಿಂದ 20–30 ಮೀಟರ್ ಕೆಳಗೆ ದಾರಕ್ಕೆ ಕ್ಯಾಮೆರಾ ತೂಗುಹಾಕಿ ಮತ್ತೆ ದಾರ ಬಿಡಬೇಕು. ಕ್ಯಾಮೆರಾ ಸದಾ ನೆಲಕ್ಕೇ ಮುಖ ಮಾಡಿರಲು ಪಿಯರ್ ಪಿಕಾವೆ ಎಂಬ ಫ್ರೆಂಚರವನು 1912ರಲ್ಲಿ ಒಂದು ಸುಲಭದ ಉಪಾಯ ಕಂಡುಹಿಡಿದ. ಕೂಡು ಗುರುತಿನಂತೆ ಜೋಡಿಸಿದ ಅಡ್ಡಪಟ್ಟಿಯ ನಾಲ್ಕು ತುದಿಗಳಿಂದ ಒಂದೇ ಹುರಿಯನ್ನು ಸಣ್ಣ ಬಳೆಗಳ ಮೂಲಕ ಹಾಯಿಸಿ ಪಟದ ದಾರದ ಎರಡು ಕಡೆಗೆ ಕಟ್ಟುವುದು. ದಾರ ಎಷ್ಟೇ ಓರೆಯಾದರೂ ಅಡ್ಡಪಟ್ಟಿ ಮಟ್ಟಸವಾಗಿಯೇ ಇರುತ್ತದೆ. ಮೋಟಾರಿಲ್ಲ, ಬ್ಯಾಟರಿಯಿಲ್ಲ. ನೂರು ವರ್ಷ ದಾಟಿದರೂ ಇದನ್ನು ಮೀರಿಸುವ ಅಗ್ಗದ ಉಪಾಯ ಬಂದಿಲ್ಲ.

ಪಟ ಯಾವುದು? ಜಪಾನಿನ ಆರು ಮೂಲೆಯ ರೊಕ್ಕಾಕು ಈ ಕೆಲಸಕ್ಕೆ ಬಹಳ ಜನರ ಮೆಚ್ಚಿನದು. ಬಿದಿರಿನ ಕಡ್ಡಿ, ಛತ್ರಿ ಬಟ್ಟೆ, ಟೈಲರ್ ಅಂಗಡಿಯ ಹೊಲಿಗೆ ಇದ್ದರೆ ಊರಲ್ಲೇ ತಯಾರಾಗುತ್ತದೆ. ಸೂತ್ರ ಕಟ್ಟುವುದರಲ್ಲಿ ಮಾತ್ರ ಅವಸರ ಬೇಡ. ಪಟ ಗಾಳಿಗೆ ಎಷ್ಟು ಓರೆಯಾಗಿ ಎದೆಯೊಡ್ಡಬೇಕೆಂದು ನಿಶ್ಚಯಿಸುವುದು ಸೂತ್ರವೇ.

ಎತ್ತರ ತಿಳಿಯಲು ಶಾಲೆಯ ತ್ರಿಕೋನಮಿತಿ ಸಾಕು. 100 ಮೀಟರ್ ದಾರ 45 ಡಿಗ್ರಿ ಓರೆಯಲ್ಲಿದ್ದರೆ ಎತ್ತರ ಸುಮಾರು 71 ಮೀಟರ್. 60 ಡಿಗ್ರಿಯಾದರೆ 87. ಹತ್ತನೇ ತರಗತಿಯ ಮಕ್ಕಳಿಗೆ ಸೈನ್ ಕೋಷ್ಟಕ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಹೊಸದುರ್ಗದ ಪ್ರೌಢಶಾಲೆಗಳ ಗಣಿತದ ಮೇಷ್ಟ್ರುಗಳು ಒಮ್ಮೆ ಮಕ್ಕಳನ್ನು ಬಯಲಿಗೆ ಕರೆದೊಯ್ದು ನೋಡಬೇಕು.

ಒಂದು ಗುಂಟೆ ಎಂದರೆ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಆ 33 ಅಡಿಯೇ ನಮ್ಮ ಮೋಜಣಿಯವರು ಎಳೆಯುತ್ತಿದ್ದ ಸರಪಳಿಯ ಉದ್ದ, ಅದರಲ್ಲಿ 16 ಆಣೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಲ್ಲೇ ಮೈಸೂರು ಸೀಮೆಯನ್ನು ಅಳೆಯಲು ಹೊರಟ ಕಾಲಿನ್ ಮೆಕೆಂಜಿಯ ತಂಡಕ್ಕೂ ದುರ್ಗ, ಬೆಟ್ಟಗಳ ನೆತ್ತಿಯೇ ಎತ್ತರದ ಕಣ್ಣು. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದವನೂ ಅವನೇ.

ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದಲ್ಲಿವೆ. ನಕ್ಷೆಯ ಒಂದು ಅಂಗುಲ ನೆಲದ 660 ಅಡಿಗೆ, ಅಂದರೆ 20 ಸರಪಳಿಗೆ ಸಮ. ಇನ್ನೊಂದು ರೀತಿ ಹೇಳುವುದಾದರೆ, ನಕ್ಷೆಯ ಒಂದು ಮಿಲಿಮೀಟರ್ ಹೊಲದಲ್ಲಿ ಸುಮಾರು 8 ಮೀಟರ್. ಹತ್ತಡಿ ಬಂಡಿದಾರಿ ಆ ಕಾಗದದ ಮೇಲೆ ಅರ್ಧ ಮಿಲಿಮೀಟರೂ ಆಗದು, ಪೆನ್ಸಿಲಿನ ಒಂದು ಗೀಟಿನೊಳಗೆ ಮುಚ್ಚಿಹೋಗುತ್ತದೆ. ‘ನಕಾಶೆ ಕಂಡ ದಾರಿ’ಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುವುದನ್ನು ಯಾವ ಊರಲ್ಲಿ ಕಂಡಿಲ್ಲ? ಪಟದ ಫೋಟೋದಲ್ಲಿ ಅದೇ ದಾರಿಯ ಗಾಲಿಯ ಜಾಡೂ ಕಾಣುತ್ತದೆ. ಒಂದು ಮಾತು ಸ್ಪಷ್ಟವಿರಲಿ: ಪಟದ ಚಿತ್ರ ಪೋಡಿಗಾಗಲಿ ಹದ್ದುಬಸ್ತಿಗಾಗಲಿ ದಾಖಲೆಯಾಗದು, ಅದಕ್ಕೆ ಸರ್ಕಾರಿ ಭೂಮಾಪಕರ ಅಳತೆಯೇ ಬೇಕು. ಆದರೆ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಹರಡಲು, ದಿನಾಂಕದ ಸಮೇತ ‘ಇವತ್ತು ನೆಲ ಹೀಗಿದೆ’ ಎಂದು ತೋರಿಸಲು ಅದಕ್ಕಿಂತ ಗಟ್ಟಿ ಸಾಕ್ಷಿ ಕಡಿಮೆ.

ಡ್ರೋನ್ ಸರ್ವೆ ಆಗಿದೆಯಲ್ಲ ಎನ್ನುವಿರಾ? 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಅದು ಅಳೆಯುವುದು ಗ್ರಾಮಠಾಣಾದ ಮನೆ, ನಿವೇಶನಗಳನ್ನು. ಊರಾಚೆಯ ಹೊಲ, ಗೋಮಾಳ, ಕೆರೆಯಂಗಳ ಅದರ ಲೆಕ್ಕಕ್ಕೆ ಬರುವುದಿಲ್ಲ.

ಫೋಟೋ ಅಳತೆಯ ನಕ್ಷೆಯಾಗುವುದು ಸುಣ್ಣದ ಪುಡಿಯಿಂದ. ಹಾರಿಸುವ ಮೊದಲು ಹೊಲದ ನಾಲ್ಕು ಮೂಲೆ ಮತ್ತು ನಡುವೆ ಸುಣ್ಣದಲ್ಲಿ ದೊಡ್ಡ ಕೂಡು ಗುರುತು ಹಾಕಬೇಕು. ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುವುದುಂಟು, ಅದನ್ನೇ ನಂಬಿದರೆ ಬದು ಪಕ್ಕದವರ ಹೊಲಕ್ಕೆ ಸರಿದೀತು. ಗುರುತಿನಿಂದ ಗುರುತಿಗೆ ಟೇಪಿನಲ್ಲಿ ಅಳೆದು ಬರೆದುಕೊಂಡರೆ ಆ ದೋಷ ಬಹುಪಾಲು ಹೋಗುತ್ತದೆ. ಕ್ಯಾಮೆರಾ ಐದು ಸೆಕೆಂಡಿಗೊಂದು ಫೋಟೋ ತೆಗೆಯುವಂತೆ ಇಟ್ಟರೆ ಹತ್ತು ನಿಮಿಷಕ್ಕೆ 120 ಚಿತ್ರ. ದಾರ ಹಿಡಿದವರು ಹೊಲದಲ್ಲಿ ಉಳುಮೆಯ ಸಾಲಿನಂತೆ ಹಿಂದೆಮುಂದೆ ನಡೆಯಬೇಕು, ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರಬೇಕು. ಆಮೇಲೆ ಓಪನ್ ಡ್ರೋನ್ ಮ್ಯಾಪ್ ಎಂಬ ಉಚಿತ ತಂತ್ರಾಂಶ ಎಲ್ಲವನ್ನೂ ಹೊಲಿದು ಒಂದೇ ಚಿತ್ರ ಮಾಡುತ್ತದೆ. ಅದನ್ನು ಸರಿಯಾದ ಅಕ್ಷಾಂಶ ರೇಖಾಂಶಕ್ಕೆ ಕೂರಿಸಲು ಕ್ಯುಜಿಐಎಸ್ ಇದೆ, ಅದೂ ಪುಕ್ಕಟೆ.

ಮಾರಿಕಣಿವೆಯ ನೀರು ಎಲ್ಲಿಯವರೆಗೆ ಬಂತು? ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದು 1907ರಲ್ಲಿ. ಅಣೆಕಟ್ಟು ಹಿರಿಯೂರು ತಾಲ್ಲೂಕಿನಲ್ಲಿ, ಹಿನ್ನೀರು ಹರಡುವುದು ಹೊಸದುರ್ಗ ತಾಲ್ಲೂಕಿನೊಳಗೆ. ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಾಣಲು 2022ರ ಸೆಪ್ಟೆಂಬರ್ ಬರಬೇಕಾಯಿತು, 89 ವರ್ಷ! 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಮೂರು ತಲೆಮಾರು ಒಣಗಿದ್ದ ಅಂಚಿನಲ್ಲಿ ಜನ ಬೆಳೆ ಇಡುವುದು ಸಹಜ. ನೀರು ಏರಿದಾಗ ಯಾವ ತೋಟ ಎಷ್ಟು ಮುಳುಗಿತು, ಇಳಿದಾಗ ಎಷ್ಟು ಹೂಳು ಉಳಿಯಿತು ಎಂಬುದನ್ನು ಆಯಾ ಊರಿನವರೇ ಪಟದಿಂದ ತಿಂಗಳಿಗೊಮ್ಮೆ ಚಿತ್ರಿಸಿಟ್ಟರೆ ಪರಿಹಾರದ ಅರ್ಜಿಗೆ ಬಲ ಬರುತ್ತದೆ. ಈ ಅಂಕಣದಿಂದ ಒಂದೇ ಒಂದು ಕೆಲಸ ಆಗಲಿ ಎಂದು ಆಸೆಪಡುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಜನರೇ ಹೀಗೆ ನಕ್ಷೆ ಮಾಡಿದ್ದುಂಟೇ? ಉಂಟು. 2010ರಲ್ಲಿ ಪೆರು ದೇಶದ ಲಿಮಾ ನಗರದ ಬಡ ಬಡಾವಣೆಗಳಲ್ಲಿ ಜೆಫ್ರಿ ವಾರನ್ ಎಂಬ ಯುವಕ ಅಲ್ಲಿನ ಮಕ್ಕಳು, ನಿವಾಸಿಗಳ ಜೊತೆ ಬಲೂನು, ಗಾಳಿಪಟಗಳಿಂದ ವಸತಿಯ ನಕ್ಷೆ ತೆಗೆದ. ಅದೇ ವರ್ಷ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ಕೊರೆಯುವ ವೇದಿಕೆ ಸಿಡಿಯಿತು. ಸೋರಿದ ಎಣ್ಣೆ ಯಾವ ದಡಕ್ಕೆ ಬಡಿಯಿತೆಂದು ಕರಾವಳಿಯ ಸ್ವಯಂಸೇವಕರು ಇದೇ ಉಪಾಯದಿಂದ ಸಾವಿರಾರು ಫೋಟೋ ತೆಗೆದರು. ಆ ಕೆಲಸದಿಂದ ಹುಟ್ಟಿದ್ದು ‘ಪಬ್ಲಿಕ್ ಲ್ಯಾಬ್’ ಎಂಬ ಸಂಸ್ಥೆ. ಅವರ ಕೆಲವು ನಕ್ಷೆಗಳು ಗೂಗಲ್ ಅರ್ಥ್‌ಗೂ ಸೇರಿದವು.

ಭೂಮಿಯ ಒಳಗಿನ ಊರನ್ನೂ ಪಟ ತೋರಿಸಬಲ್ಲದು. ಔಷಧ ವ್ಯಾಪಾರಿ ಹೆನ್ರಿ ವೆಲ್ಕಮ್ ಸೂಡಾನಿನ ಜೆಬೆಲ್ ಮೋಯಾ ಉತ್ಖನನದಲ್ಲಿ ಒಂದನೇ ಮಹಾಯುದ್ಧಕ್ಕೂ ಮೊದಲೇ ಪೆಟ್ಟಿಗೆ ಗಾಳಿಪಟಗಳಿಂದ ಫೋಟೋ ತೆಗೆಸಿದ್ದ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ತಕ್ಕ ಜಾಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇಲ್ಲಿ ಬೆಳಕಿಗೆ ಬಂದದ್ದು 1892ರಲ್ಲಿ, ಬಿ.ಎಲ್. ರೈಸರಿಂದ. ಮೈಸೂರಿನ ಎಂ.ಎಚ್. ಕೃಷ್ಣ ಮೊದಲು ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಅಲ್ಲಿನ ಬೃಹತ್ ಶಿಲಾ ಸಮಾಧಿಗಳ ಕಲ್ಲಿನ ವೃತ್ತಗಳು ನೆಲದ ಮೇಲೆ ನಿಂತವರಿಗೆ ಚೆಲ್ಲಾಪಿಲ್ಲಿ ಬಂಡೆಗಳಂತೆ ಕಾಣುತ್ತವೆ, ಮೇಲಿನಿಂದ ಮಾತ್ರ ದುಂಡಗಿನ ಆಕಾರ ಸ್ಪಷ್ಟ. ಇಂಥಲ್ಲಿ ಬೆಳಗಿನ ಓರೆಬಿಸಿಲೇ ಒಳ್ಳೆಯದು, ಉದ್ದ ನೆರಳು ಮೊಳದಷ್ಟು ದಿಬ್ಬವನ್ನೂ ಎತ್ತಿ ತೋರಿಸುತ್ತದೆ. ಸಂರಕ್ಷಿತ ಸ್ಮಾರಕಗಳ ಮೇಲೆ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಮೊದಲು ಬೇಕು.

ತೆಂಗಿನ ರೋಗಕ್ಕೆ ನೆಟ್ಟನೆ ಮೇಲಿನಿಂದ ತೆಗೆದ ಫೋಟೋ ಸಾಲದು. ಹೊಸದುರ್ಗದ ತೋಟಗಳನ್ನು ಕಾಡುವ ಕಪ್ಪುತಲೆ ಹುಳು ಕೆಳಗಿನ ಗರಿಗಳ ಅಡಿಯಿಂದ ತಿನ್ನುತ್ತದೆ. ಮೇಲಿನ ಹಸಿರು ಗರಿಗಳು ಅದನ್ನು ಮರೆಮಾಡುತ್ತವೆ. ಕ್ಯಾಮೆರಾವನ್ನು ಓರೆಯಾಗಿ ಕಟ್ಟಿ ಬದಿಯಿಂದ ತೆಗೆದರೆ ಸುಟ್ಟಂತೆ ಒಣಗಿದ ಗರಿ ಸಿಕ್ಕಿಬೀಳುತ್ತದೆ. ಇನ್ನೊಂದು ಉಪಾಯ ಇನ್‌ಫ್ರಾರೆಡ್. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸು ಎಸೆಯುತ್ತದೆ. ಹಳೆ ಡಿಜಿಟಲ್ ಕ್ಯಾಮೆರಾದೊಳಗಿನ ತಡೆಗಾಜು ತೆಗೆದು ತಕ್ಕ ಬಣ್ಣದ ಫಿಲ್ಟರ್ ಹಾಕಿದರೆ ಸೊರಗಿದ ಗಿಡ, ಕಣ್ಣಿಗೆ ತಿಳಿಯುವ ಮುನ್ನವೇ, ಬೇರೆ ಬಣ್ಣದಲ್ಲಿ ಎದ್ದುಕಾಣಬಹುದು.

ಗಾಳಿಪಟವೂ ಕಾನೂನಿನ ಕಣ್ಣಲ್ಲಿ ವಿಮಾನ! 1934ರ ವಿಮಾನ ಕಾಯ್ದೆ ಕೊಟ್ಟ ವಿವರಣೆಯಲ್ಲಿ ಬಲೂನು, ಗ್ಲೈಡರುಗಳ ಜೊತೆ ಗಾಳಿಪಟದ ಹೆಸರೂ ಇತ್ತು. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕ್ಯಾಮೆರಾ ಕಟ್ಟಿ ಹಾರಿಸುವ ಮುನ್ನ ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸುವುದು ಲೇಸು. ಅದರಲ್ಲೂ ಚಳ್ಳಕೆರೆ ಕಡೆ ಎಚ್ಚರ. ಅಲ್ಲಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲೇ ಇಸ್ರೋದ ಮರುಬಳಕೆಯ ವಾಹನ 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಬಿಟ್ಟ ಮೇಲೆ ತಾನಾಗಿಯೇ ರನ್‌ವೇಗೆ ಇಳಿದದ್ದು. ಪಕ್ಕದವರ ಮನೆಯಂಗಳ ಫೋಟೋದಲ್ಲಿ ಬರುವಂತಿದ್ದರೆ ಅವರನ್ನೂ ಕೇಳಿಕೊಳ್ಳಬೇಕು.

ಗಾಜಿನ ಪುಡಿ ಹಚ್ಚಿದ ಅಥವಾ ನೈಲಾನಿನ ಮಾಂಜಾ ಮುಟ್ಟಲೇಬೇಡಿ. 2017ರ ಜುಲೈ 11ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ಅದನ್ನು ನಿಷೇಧಿಸಿದೆ. ಹಕ್ಕಿಗಳ ರೆಕ್ಕೆಯನ್ನೂ ಬೈಕ್ ಸವಾರರ ಕುತ್ತಿಗೆಯನ್ನೂ ಕೊಯ್ದ ದಾರ ಅದು. ನಕ್ಷೆಯ ಕೆಲಸಕ್ಕೆ ಬೇಕಾದದ್ದು ದಪ್ಪನೆಯ, ನುಣುಪಾದ, ದೂರಕ್ಕೆ ಕಾಣುವ ದಾರ. ಗಾಳಿಯಂತ್ರ, ಕರೆಂಟ್ ತಂತಿಗಳಿಂದ ದೂರವಿರಿ. ಹೊಸದುರ್ಗ ರೋಡ್ ನಿಲ್ದಾಣದ ಮೂಲಕ ಹೋಗುವ ರೈಲು ಮಾರ್ಗದ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್, ಒದ್ದೆ ದಾರ ತಾಗಿದರೆ ಸಾಕು. ಗುಡುಗು ಕೇಳಿಸಿದ ತಕ್ಷಣ ಪಟ ಇಳಿಸಬೇಕು.

ಭಾರತವನ್ನು ಗಾಳಿಪಟದಿಂದ ಕಂಡವನೊಬ್ಬನಿದ್ದಾನೆ. ಫ್ರಾನ್ಸಿನ ನಿಕೊಲಾ ಶೋರಿಯೇ. ಪಟಕ್ಕೆ ಕ್ಯಾಮೆರಾ ಕಟ್ಟಿ ಅವನು ತೆಗೆದ ನಮ್ಮ ದೇಶದ ಚಿತ್ರಗಳು 2007ರಲ್ಲಿ ದೊಡ್ಡ ಪುಸ್ತಕವಾಗಿ ಬಂದವು.

ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹೊಲಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಚಿತ್ರಕ್ಕೆ ಹೆಸರುಗಳು ಬರಬೇಕು. ಕಟ್ಟೆ, ಹಳ್ಳ, ಗುಂಡುತೋಪು, ಹಳೆ ಬಾವಿ, ಹೊಲಹೊಲಕ್ಕೂ ಇರುವ ಹೆಸರು ಯಾವ ಉಪಗ್ರಹಕ್ಕೂ ಗೊತ್ತಿಲ್ಲ, ಸರ್ವೆ ನಂಬರಿನ ನಕ್ಷೆಯಲ್ಲೂ ಇಲ್ಲ. ಚಿತ್ರವನ್ನು ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಎರಡು ಮೀಟರ್ ಅಗಲಕ್ಕೆ ಮುದ್ರಿಸಿ, ಅರಳಿಕಟ್ಟೆಯ ಮೇಲೆ ಹಾಸಿ, ಮಾರ್ಕರ್ ಪೆನ್ನನ್ನು ದನ ಕಾಯ್ದ ಅಜ್ಜಂದಿರ, ಕಳೆ ಕಿತ್ತ ಅಜ್ಜಿಯರ ಕೈಗೆ ಕೊಡಬೇಕು. ಅವರು ಬರೆದ ಹೆಸರುಗಳನ್ನು ಹಾಗೆಯೇ ಕನ್ನಡದಲ್ಲಿ ಓಪನ್ ಸ್ಟ್ರೀಟ್ ಮ್ಯಾಪ್‌ಗೆ ಸೇರಿಸಬಹುದು. 2004ರಲ್ಲಿ ಶುರುವಾದ ಈ ಜಾಗತಿಕ ನಕ್ಷೆಗೆ ಯಾರು ಬೇಕಾದರೂ, ಹೊಸದುರ್ಗದ ಹೈಸ್ಕೂಲು ಹುಡುಗಿಯೂ, ಒಂದು ಖಾತೆ ತೆರೆದು ಅವತ್ತೇ ಬರೆಯಬಹುದು.